ನೂರೈದು ಕಿಲೋ ಓಡಿದರೆ ಊರಿಗೇಕೆ ನಗು?

"ಆಪರೇಷನ್ ಮಾಡಿಸ್ಕೊಂಡ್ರಂತಲ್ರೀ, ಆದ್ರೂ ಹಂಗೇ ಅದಾರಲ್ಲ?"

ದಾವಣಗೆರೆಯ ಮಂಡಿಪೇಟೆಯಲ್ಲಿ ಈ ಪ್ರಶ್ನೆ ಒಂದು ವರ್ಷದಿಂದ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದೆ. ಚಹಾದ ಅಂಗಡಿಯ ಬೆಂಚಿನ ಮೇಲೂ ಇದೇ, ಮದುವೆ ಮನೆಯ ಪಂಕ್ತಿಯಲ್ಲೂ ಇದೇ. ಪ್ರಶ್ನೆಗೆ ಗುರಿಯಾದವರು ಬೇಳೆಕಾಳಿನ ಸಗಟು ವ್ಯಾಪಾರಿ. ವಯಸ್ಸು ನಲವತ್ತೇಳು. ಹೆಸರು ಬೇಡ ಎಂದಿದ್ದಾರೆ, ಆದ್ದರಿಂದ ಇಲ್ಲಿ ಬರೀ ಸಾಹುಕಾರರು. ಎರಡು ವರ್ಷದ ಹಿಂದೆ ತೂಕ ನೂರಾ ನಲವತ್ತು ಕಿಲೋ. ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ., ರಾತ್ರಿಯೆಲ್ಲ ಗೊರಕೆ. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿಗೆ ಹೋಗಿ ಜಠರ ಚಿಕ್ಕದು ಮಾಡಿಸಿಕೊಂಡು ಬಂದರು. ಈಗ ತೂಕ ನೂರೈದು.

ಮೂವತ್ತೈದು ಕಿಲೋ ಇಳಿಸಿದ ಮನುಷ್ಯನನ್ನು ಊರು ಮೆಚ್ಚಬೇಕಿತ್ತು. ಮೆಚ್ಚಲಿಲ್ಲ, ನಗಲು ಹೊರಟಿತು. ಕಾರಣ ಇಷ್ಟೇ: ಸಾಹುಕಾರರು ಓಡಲು ಶುರು ಮಾಡಿದ್ದಾರೆ.

ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರು ನೂರಾರು ಜನ. ಟೋಪಿ ಹಾಕಿಕೊಂಡು ಕೈ ಬೀಸುತ್ತಾ ರಾಜಕೀಯ ಮಾತಾಡುತ್ತಾ ಹೋಗುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ದಪ್ಪ ಮನುಷ್ಯ ನಡೆದರೆ "ಪಾಪ, ಡಾಕ್ಟ್ರು ಹೇಳಿರಬೇಕು" ಅನ್ನುತ್ತಾರೆ. ಅದೇ ಮನುಷ್ಯ ಓಡಿದರೆ ಹಿಂದಿನಿಂದ ಕಿಸಕ್ಕನೆ ನಗು. "ಭೂಕಂಪ ಬಂತು, ಸರೀರಪ್ಪೋ" ಎಂದ ಹುಡುಗನೊಬ್ಬನ ಮಾತು ಸಾಹುಕಾರರ ಕಿವಿಗೆ ಬಿದ್ದಿದೆ. ಅವರು ಏನೂ ಹೇಳಲಿಲ್ಲ. ಮರುದಿನದಿಂದ ಇನ್ನೂ ಕತ್ತಲಿರುವಾಗ, ಅರ್ಧ ಗಂಟೆ ಮೊದಲೇ ಬರತೊಡಗಿದರು.

ಹೊಟ್ಟೆ ಕೊಯ್ದರೆ ಕೊಬ್ಬು ಹೋಗುವುದಿಲ್ಲ

ಮೊದಲು ಊರಿನವರ ಪ್ರಶ್ನೆಗೆ ಉತ್ತರ. ಆಪರೇಷನ್ ಆದ ಮೇಲೂ ಯಾಕೆ ಹಂಗೇ ಇದ್ದಾರೆ?

ಬಹಳ ಜನ ಇದನ್ನು ಕೊಬ್ಬು ತೆಗೆಸುವ ಆಪರೇಷನ್ ಎಂದುಕೊಂಡಿದ್ದಾರೆ. ಅಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆ ಹಾಕಿ ಎಳೆಯುವುದು ಬೇರೆ, ಅದು ಆಕಾರಕ್ಕಾಗಿ ಮಾಡಿಸುವ ಕೆಲಸ. ಇದು ಜಠರದ ಕೆಲಸ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮರಾ ಇಳಿಸಿ, ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇದಕ್ಕೆ ಸ್ಲೀವ್ ಎಂದು ಹೆಸರು. ಇನ್ನೊಂದು ವಿಧಾನ ಬೈಪಾಸ್. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ನೇರ ಜೋಡಿಸುತ್ತಾರೆ. ಎರಡರಲ್ಲೂ ಒಂದು ತುಂಡು ಕೊಬ್ಬನ್ನೂ ಮುಟ್ಟುವುದಿಲ್ಲ. ತಿನ್ನುವ ಜಾಗ ಕಡಿಮೆಯಾಗುತ್ತದೆ. ಸ್ಲೀವ್‌ನಲ್ಲಂತೂ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೇ ಹೊರಗೆ ಹೋಗುತ್ತದೆ. ಮುಂದಿನದನ್ನು ಮೈಯೇ ತಿಂಗಳುಗಟ್ಟಲೆ ಮಾಡಿಕೊಳ್ಳಬೇಕು.

ಬೈಪಾಸನ್ನು 1966ರಲ್ಲಿ ಮೊದಲು ಮಾಡಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸೊರಗುವುದನ್ನು ಕಂಡು ಅವರಿಗೆ ಹೊಳೆದದ್ದು. ಅಲ್ಲಿಂದ ಇಲ್ಲಿಯವರೆಗೆ ಸಿಕ್ಕ ಅನುಭವ ಹೇಳುವುದೇನೆಂದರೆ, ಸ್ಲೀವ್ ಆದವರು ಸರಾಸರಿ ಮೈತೂಕದ ನಾಲ್ಕನೇ ಒಂದು ಭಾಗ, ಬೈಪಾಸ್ ಆದವರು ಅದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತಾರೆ. ಅದೂ ಮೊದಲ ವರ್ಷ, ವರ್ಷದೂವರೆಯೊಳಗೆ. ಆಮೇಲೆ ತಕ್ಕಡಿಯ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಕೆಲವರಿಗೆ ಮೆಲ್ಲಗೆ ಮೇಲಕ್ಕೂ ಏರುತ್ತದೆ.

ಈಗ ಮಂಡಿಯವರೇ ಲೆಕ್ಕ ಹಾಕಲಿ. ನೂರಾ ನಲವತ್ತರಲ್ಲಿ ನಾಲ್ಕನೇ ಒಂದು ಭಾಗ ಕಳೆದರೆ ನೂರೈದು. ಸಾಹುಕಾರರ ಎತ್ತರ ಐದಡಿ ಏಳಂಗುಲ. ನಮ್ಮ ದೇಶದ ಡಾಕ್ಟರುಗಳು ಇಟ್ಟುಕೊಂಡಿರುವ ಅಳತೆಯಲ್ಲಿ ಆ ಎತ್ತರದವರು ಎಪ್ಪತ್ತೆರಡು ಕಿಲೋ ದಾಟಿದರೆ ಸ್ಥೂಲಕಾಯದವರು. ಅಂದರೆ ಆಪರೇಷನ್ ಪೂರ್ತಿ ಗೆದ್ದ ಮೇಲೂ ಸಾಹುಕಾರರು ಆ ಗೆರೆಯಿಂದ ಮೂವತ್ತಮೂರು ಕಿಲೋ ಆಚೆಯೇ. ಇದು ಸೋಲಲ್ಲ ಸ್ವಾಮಿ, ಸರಾಸರಿ ಫಲಿತಾಂಶವೇ ಇದು. ಅವರ ಸಕ್ಕರೆ ಮಾತ್ರೆ ಮೂರರಿಂದ ಒಂದಕ್ಕೆ ಬಂದಿದೆ, ಗೊರಕೆ ನಿಂತು ಮನೆಯವರು ನಿದ್ದೆ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣುವುದು ಮಾತ್ರ ಇನ್ನೂ ದಪ್ಪ ಮನುಷ್ಯನೇ.

ಈ ದಪ್ಪ ಮನುಷ್ಯ ಓಡಬಹುದೇ? ಪೂರ್ತಿ ಸಣ್ಣಗಾಗುವವರೆಗೆ ಕಾಯಬೇಕೇ? ಕಾಯುತ್ತಾ ಕೂತರೆ ಆ ದಿನ ಬಾರದೆಯೂ ಇರಬಹುದು ಎಂಬುದು ಮೇಲಿನ ಲೆಕ್ಕದಲ್ಲೇ ಇದೆ. ಓಡಬಹುದು. ಆದರೆ ಸಾಹುಕಾರರು ಓಡಿದ ಹಾಗೆ ಅಲ್ಲ.

ಮೊದಲ ದಿನದ ಅವಾಂತರ

ಅವರ ಅವಸರಕ್ಕೆ ಕಾರಣ ತಕ್ಕಡಿ. ಹತ್ತನೇ ತಿಂಗಳಲ್ಲಿ ತೂಕ ನೂರೈದಕ್ಕೆ ಬಂದು ನಿಂತುಬಿಟ್ಟಿತು. ಎರಡು ವಾರ ನೋಡಿದರು, ನಾಲ್ಕು ವಾರ ನೋಡಿದರು. ಲಕ್ಷಗಟ್ಟಲೆ ಸುರಿದಿದ್ದಾರೆ, ಹೆಂಡತಿಯ ಎರಡು ಬಳೆ ಬ್ಯಾಂಕಿನಲ್ಲಿದೆ. ಮಗಳ ಮದುವೆಗೆ ಮುಂದಿನ ವರ್ಷ ಮುಹೂರ್ತ. "ನಿಂತಿದ್ದು ಮತ್ತೆ ಏರೋಕೆ ಶುರುವಾದ್ರೆ ಜನರ ಮುಂದೆ ಯಾವ ಮುಖ ತೋರಿಸ್ಲಿ?" ಎಂಬ ಭಯ. ಒಂದು ಸೋಮವಾರ ಬೆಳಿಗ್ಗೆ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೆರೆಗೆ ಹೋದವರೇ, ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದ ಹುಡುಗರ ಹಿಂದೆ ಓಡಿದರು.

ಮೂರು ನಿಮಿಷ ಓಡಿದ್ದಾರೆ. ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಕೂತರು. ಯಾರೋ ಪುಣ್ಯಾತ್ಮರು ಗ್ಲೂಕೋಸ್ ನೀರು ಕುಡಿಸಿದರು. ಅರ್ಧ ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ತೊಳಸು. ಹೃದಯಾಘಾತವೇ ಆಯಿತೆಂದು ಆಟೋದಲ್ಲಿ ಹಾಕಿಕೊಂಡು ಹೋದರು. ಇ.ಸಿ.ಜಿ. ಸರಿಯಾಗಿತ್ತು. ಡಾಕ್ಟರು ಕೇಳಿ ತಿಳಿದದ್ದು ಬೇರೆ: ಕತ್ತರಿಸಿದ ಜಠರಕ್ಕೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೀರು ಸುರಿದರೆ ಅದು ತಡೆಯಿಲ್ಲದೆ ಕರುಳಿಗೆ ಧುಮುಕುತ್ತದೆ. ಹಾಗಾದಾಗ ಬೆವರು, ತಲೆಸುತ್ತು, ಎದೆಬಡಿತ. ಬೈಪಾಸ್ ಆದವರಲ್ಲಿ ಇದು ಹೆಚ್ಚು, ಸ್ಲೀವ್ ಆದವರನ್ನೂ ಬಿಟ್ಟಿಲ್ಲ. ಕಬ್ಬಿನ ಹಾಲು, ಬಾಟಲಿ ಪಾನೀಯ, ಗ್ಲೂಕೋಸ್ ಪುಡಿ ಎಲ್ಲ ಒಂದೇ ಜಾತಿ. ಸುಸ್ತಾದವರಿಗೆಲ್ಲ ಗ್ಲೂಕೋಸ್ ಕುಡಿಸುವುದು ನಮ್ಮೂರಿನ ಒಳ್ಳೆಯ ಪದ್ಧತಿಯೇ. ಇವರ ವಿಷಯದಲ್ಲಿ ಮಾತ್ರ ಸ್ವಲ್ಪ ಕೇಳಿ ಕುಡಿಸಬೇಕು. ಸಕ್ಕರೆ ಕಾಯಿಲೆಗೆ ಇನ್ನೂ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ನಿಜಕ್ಕೂ ಸಕ್ಕರೆ ಕುಸಿದಿರಲೂಬಹುದು. ಆಗ ಸಿಹಿ ಕೊಡಲೇಬೇಕು. ಆದ್ದರಿಂದ ಓಡುವ ಮುನ್ನವೇ ಮಾತ್ರೆಯ ಪ್ರಮಾಣವನ್ನು ಡಾಕ್ಟರ ಹತ್ತಿರ ಗೊತ್ತು ಮಾಡಿಕೊಂಡಿರಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ಅಂಗಡಿ ಹುಡುಗನನ್ನು ಕಳಿಸಿ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿದರು. ಇನ್ನೇನು ಬಾಯಿಗೆ ಹಾಕಬೇಕು, ಹೆಂಡತಿ ಕೈ ಹಿಡಿದರು. "ಆಸ್ಪತ್ರೆ ಚೀಟಿ ಓದೀರೇನ್ರೀ? ಕೆಂಪು ಅಕ್ಷರದಾಗೆ ಬರ್ದಾರೆ." ನಿಜ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಈ ಆಪರೇಷನ್ ಆದ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸಬಲ್ಲವು, ಬೈಪಾಸ್ ಆದವರಿಗಂತೂ ವರ್ಜ್ಯ. ಮೊಣಕಾಲು ನೋವೆಂದು ಕೌಂಟರಿನಲ್ಲಿ ಕೇಳಿದರೆ ಮೊದಲು ಕೈಗೆ ಬರುವುದೇ ಅವು. ಮೆಡಿಕಲ್ ಶಾಪಿನವರೂ ಈ ಸಾಲನ್ನು ಗಮನಿಸಿದರೆ ಉಪಕಾರ.

ಒಂದು ತಿಂಗಳು ಸಾಹುಕಾರರು ಮೆಟ್ಟಿಲನ್ನೂ ಕುಂಟುತ್ತಲೇ ಹತ್ತಿದರು.

ಚೀಲದ ಲೆಕ್ಕ

ನಡೆಯುವಾಗ ಪ್ರತಿ ಹೆಜ್ಜೆಗೆ ನೆಲ ಕಾಲಿಗೆ ಕೊಡುವ ಪೆಟ್ಟು ಮೈತೂಕಕ್ಕಿಂತ ತುಸು ಹೆಚ್ಚು. ಓಡುವಾಗ ಅದು ಮೈತೂಕದ ಎರಡೂವರೆ ಪಟ್ಟಿನ ಆಸುಪಾಸು. ಯಾಕೆಂದರೆ ಓಟದಲ್ಲಿ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರುತ್ತವೆ, ಆಮೇಲೆ ಇಡೀ ಮೈ ಒಂದೇ ಕಾಲಿನ ಮೇಲೆ ಬಂದು ಬೀಳುತ್ತದೆ. ನೂರೈದು ಕಿಲೋದವರಿಗೆ ಅದು ಇನ್ನೂರ ಅರವತ್ತು ಕಿಲೋ. ಐವತ್ತು ಕಿಲೋ ಚೀಲ ಐದಕ್ಕಿಂತ ಹೆಚ್ಚು, ಒಂದೇ ಕಾಲಿನ ಮೇಲೆ, ನಿಮಿಷಕ್ಕೆ ಎಂಬತ್ತು ಸಲ.

ಇದನ್ನು ಕೇಳಿ ಹೆದರುವವರು ಇನ್ನೊಂದನ್ನೂ ಕೇಳಬೇಕು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಮೊಣಕಾಲು ಸವೆದ ದಪ್ಪ ಮೈಯ ಹಿರಿಯರನ್ನು ನಡೆಸಿ ಅಳೆದು 2005ರಲ್ಲಿ ಒಂದು ಲೆಕ್ಕ ಕೊಟ್ಟರು: ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ. ಆ ಲೆಕ್ಕ ಹಿಡಿದರೆ ಸಾಹುಕಾರರ ಮೊಣಕಾಲು ಈಗ ಪ್ರತಿ ಹೆಜ್ಜೆಗೆ ನೂರಾ ನಲವತ್ತು ಕಿಲೋ ಹಗುರ. ಓಡಿದರೆ ಮೊಣಕಾಲು ಸವೆದೇ ಹೋಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು, ಸೊಂಟದ ಕೀಲು ಸವೆದವರು ನೂರಕ್ಕೆ 3.5. ಓಡದೆ ಕೂತವರಲ್ಲಿ ನೂರಕ್ಕೆ 10. ಸ್ಪರ್ಧೆಗೆಂದೇ ಓಡುವವರಲ್ಲಿ 13. ಗಾದಿಯ ಮೇಲೆ ಕೂತವರೂ ಪದಕಕ್ಕೆ ಓಡುವವರೂ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಕ್ಕಪಕ್ಕ!

ಆದರೆ ಆ ಹವ್ಯಾಸಿ ಓಟಗಾರರು ನೂರೈದು ಕಿಲೋದವರಲ್ಲ ಎನ್ನುವುದನ್ನೂ ಮರೆಯಬಾರದು. ಡೆನ್ಮಾರ್ಕಿನಲ್ಲಿ ಹೊಸದಾಗಿ ಓಡಲು ಬಂದ 930 ಜನರನ್ನು ಒಂದು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚು ತೂಕದವರಿಗೂ ನಲವತ್ತೈದು ದಾಟಿದವರಿಗೂ ಪೆಟ್ಟು ಹೆಚ್ಚು ಆಗಿತ್ತು. ಸಾಹುಕಾರರಿಗೆ ಎರಡೂ ಅನ್ವಯ.

ಇನ್ನೂ ಒಂದು ಕಿತಾಪತಿ ಇದೆ. ಓಡಲು ಶುರು ಮಾಡಿದ ಕೆಲವೇ ವಾರಕ್ಕೆ ಎದೆ, ಪುಪ್ಪುಸ ಪಳಗಿಬಿಡುತ್ತವೆ. "ಇನ್ನೂ ಓಡಬಲ್ಲೆ" ಎಂದು ಮನಸ್ಸು ಹೇಳುತ್ತದೆ. ಮೂಳೆ, ಸ್ನಾಯುವಿನ ದಾರಗಳು ಪಳಗಲು ತಿಂಗಳುಗಳು ಬೇಕು. ಎಂಜಿನ್ ಹೊಸದು, ಚಾಸಿ ಹಳೆಯದು ಎಂದು ಲಾರಿಯವರ ಭಾಷೆಯಲ್ಲಿ ಹೇಳಬಹುದು. ಅದರ ಮೇಲೆ ಈ ಆಪರೇಷನ್ ಆದವರಿಗೆ ಸುಣ್ಣದ ಅಂಶ, ವಿಟಮಿನ್ ಡಿ, ಕಬ್ಬಿಣ, ಬಿ-12 ಮೈಗೆ ಹತ್ತುವುದು ಕಡಿಮೆ. ಮೂಳೆ ತೆಳ್ಳಗಾಗಬಹುದು. ಜೀವನಪರ್ಯಂತ ಮಾತ್ರೆ ಎಂದು ಬರೆದುಕೊಟ್ಟಿರುವುದು ಆಸ್ಪತ್ರೆಯ ವ್ಯಾಪಾರಕ್ಕಲ್ಲ. ಆರು ತಿಂಗಳು ನುಂಗಿ, ಚೆನ್ನಾಗಿದ್ದೀನಿ ಎಂದು ಬಿಟ್ಟವರು ಓಡಲು ಹೋದರೆ ಕಾಲಿನ ಸಣ್ಣ ಮೂಳೆ ಬಿರುಕು ಬಿಡುವ ಅಪಾಯವಿದೆ.

ಹಮಾಲರ ಪಾಠ

ಹಿಮ್ಮಡಿ ನೋವು ಇಳಿದ ಮೇಲೆ ಸಾಹುಕಾರರಿಗೆ ದಾರಿ ತೋರಿಸಿದವರು ಯಾರೆಂದರೆ ಅವರದೇ ಅಂಗಡಿಯ ಹಿರಿಯ ಹಮಾಲ. ಮೂವತ್ತು ವರ್ಷ ಲಾರಿಯಿಂದ ಗೋದಾಮಿಗೆ ಚೀಲ ಹೊತ್ತವರು. ಅವರು ಹೇಳಿದ್ದು ಎರಡೇ ಮಾತು.

"ಸಾವ್ಕಾರ್ರೆ, ಭಾರ ಹೊತ್ತೋನು ದೊಡ್ಡ ಹೆಜ್ಜೆ ಹಾಕಬಾರ್ದು. ಸಣ್ಣ ಹೆಜ್ಜೆ, ಚುರುಕು ಹೆಜ್ಜೆ. ಅರ್ಧ ದಾರೀಲಿ ನಿಂತು ಉಸಿರು ತಗಳ್ಳೋದು ನಾಚಿಗೆ ಅಲ್ಲ."

ಹಮಾಲರು ಪುಸ್ತಕ ಓದಿದವರಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಯಂತ್ರವಿಟ್ಟು ಅಳೆದು 2011ರಲ್ಲಿ ಬರೆದದ್ದೂ ಇದನ್ನೇ: ಅದೇ ವೇಗದಲ್ಲಿ ಹೆಜ್ಜೆಯನ್ನು ತುಸು ಗಿಡ್ಡ ಮಾಡಿ ಸಂಖ್ಯೆ ಹೆಚ್ಚಿಸಿದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಮುಂದಕ್ಕೆ ಚಾಚಿ ಹಿಮ್ಮಡಿ ಊರಬಾರದು, ಪಾದ ಮೈಯ ಕೆಳಗೇ ಬೀಳಬೇಕು.

ಎರಡನೇ ಮಾತಿಗೂ ಇತಿಹಾಸವಿದೆ. ಜೋಷ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ 1996ರಲ್ಲಿ ತನ್ನ ತಾಯಿಯನ್ನು ಓಡಿಸಲು ಒಂದು ಪಟ್ಟಿ ಮಾಡಿದ. ಅರವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ, ಇಪ್ಪತ್ತು ನಿಮಿಷದವರೆಗೆ. ವಾರಕ್ಕೆ ಮೂರೇ ದಿನ. ಒಂಬತ್ತು ವಾರದ ಕೊನೆಗೆ ಐದು ಕಿ.ಮೀ. ಸೋಫಾದಿಂದ ಎದ್ದವರಿಗೆಂದು ಮಾಡಿದ ಈ ಪಟ್ಟಿ ಈಗ ಜಗತ್ತಿನೆಲ್ಲೆಡೆ ನಡೆಯುತ್ತದೆ. ಭಾರದ ಮೈಯವರಿಗೆ ಒಂಬತ್ತು ವಾರ ಸಾಲದು. ಒಂದೊಂದು ವಾರವನ್ನು ಎರಡು ಮೂರು ಸಲ ಮಾಡಿದರೂ ತಪ್ಪಿಲ್ಲ. ಸಾಹುಕಾರರು ಮೂವತ್ತು ಸೆಕೆಂಡಿನಿಂದ ಶುರು ಮಾಡಿದರು: ಒಂದು ಲೈಟ್ ಕಂಬದಿಂದ ಇನ್ನೊಂದಕ್ಕೆ ಓಟ, ಆಮೇಲೆ ಮೂರು ಕಂಬ ನಡಿಗೆ. ಅದಕ್ಕೂ ಮೊದಲು ಆರು ವಾರ ಬರೀ ನಡಿಗೆ, ದಿನಕ್ಕೆ ನಲವತ್ತು ನಿಮಿಷ. ಜೊತೆಗೆ ಗಾದಿಯಿಂದ ಕೈ ಊರದೆ ಏಳುವುದು, ಕೂರುವುದು, ಹದಿನೈದು ಸಲ. ಗಿರಾಕಿಗಳ ಎದುರಿಗೇ.

ಎಷ್ಟು ವೇಗ ಎಂದು ಕೇಳುತ್ತೀರಾ? ಪಕ್ಕದಲ್ಲಿ ಬಿರುಸಾಗಿ ನಡೆಯುವವರು ಸಾಹುಕಾರರನ್ನು ಹಿಂದೆ ಹಾಕುತ್ತಾರೆ, ಅಷ್ಟು. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಬಂದರೆ ಸರಿಯಾದ ವೇಗ. ಬಾರದಿದ್ದರೆ ನಡೆಯಬೇಕು.

ಇದೂ ಹೊಸ ಮಾತಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ತನ್ನ ಇಬ್ಬರು ಹುಡುಗರಿಗೆ ಚಿನ್ನ ಕೊಡಿಸಿದವನು. ಊರಿಗೆ ಬಂದವನು ಆಕ್ಲೆಂಡಿನಲ್ಲಿ ಹೃದಯಾಘಾತ ಆದವರನ್ನೂ ಹೊಟ್ಟೆ ಬಂದ ವ್ಯಾಪಾರಿಗಳನ್ನೂ ಕಟ್ಟಿಕೊಂಡು ಮೆಲ್ಲಗೆ ಓಡಿಸತೊಡಗಿದ. 1962ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್ಮನ್, ಮುಂದೆ ನೈಕಿ ಬೂಟಿನ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬ, ಈ ಗುಂಪಿನ ಜೊತೆ ಓಡಲು ಹೋಗಿ ಏದುಸಿರು ಬಿಟ್ಟ. ಎಪ್ಪತ್ತು ದಾಟಿದ ಮುದುಕರೊಬ್ಬರು ಪಾಪವೆಂದು ಹಿಂದೆ ಉಳಿದು ಅವನನ್ನು ನಡೆಸಿಕೊಂಡು ಬಂದರಂತೆ. ಓಡಿಸುವುದೇ ಕಸುಬಾದವನ ಗತಿ ಅದು. ಅವನು ಅಮೆರಿಕಕ್ಕೆ ವಾಪಸಾಗಿ 1967ರಲ್ಲಿ ಒಬ್ಬ ಹೃದಯದ ಡಾಕ್ಟರ ಜೊತೆ ಸೇರಿ ಬರೆದ ಪುಸ್ತಕದಿಂದಲೇ ಜಾಗಿಂಗ್ ಎಂಬ ಮಾತು ಅಲ್ಲಿ ಮನೆಮಾತಾಯಿತು.

ಆಪರೇಷನ್ ಆದವರಲ್ಲಿ ಓಡಿದವರೇ ಇಲ್ಲವೇ? ಅಮೆರಿಕದ ಟಿ.ವಿ.ಯಲ್ಲಿ ಹವಾಮಾನ ಹೇಳುವ ಆಲ್ ರೋಕರ್ 2002ರಲ್ಲಿ ಬೈಪಾಸ್ ಮಾಡಿಸಿಕೊಂಡರು. ಇಳಿದ ತೂಕದಲ್ಲಿ ಒಂದಿಷ್ಟು ಮತ್ತೆ ಏರಿತು. ಅದನ್ನು ಬಚ್ಚಿಡದೆ ಹೇಳಿಕೊಂಡರು. 2010ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದರು, ನಲವತ್ತೆರಡು ಕಿ.ಮೀ.ಗೆ ಏಳು ಗಂಟೆಗೂ ಹೆಚ್ಚು ಹೊತ್ತು. ಗೆದ್ದವನು ಊಟ ಮುಗಿಸಿ ಮಲಗುವಷ್ಟು ಸಮಯ! ಆದರೂ ಮುಗಿಸಿದರು.

ದೋಸೆ, ನೀರು, ಚರ್ಮ

ಓಡಿದರೆ ತೂಕ ಸರಸರ ಇಳಿಯುತ್ತದೆ ಎಂದು ನಂಬಿದವರಿಗೆ ನಿರಾಸೆ ಕಾದಿದೆ. ನೂರೈದು ಕಿಲೋದವರು ಒಂದು ಕಿ.ಮೀ. ಓಡಿದರೆ ಖರ್ಚಾಗುವುದು ಸುಮಾರು ನೂರು ಕ್ಯಾಲರಿ. ನಮ್ಮೂರ ಒಂದು ಬೆಣ್ಣೆ ದೋಸೆ ಇಳಿಯಲು ಮೂರು ಕಿ.ಮೀ. ಸಾಲುತ್ತದೋ ಇಲ್ಲವೋ. ಮತ್ತೆ ಓಡುವುದೇಕೆ? ಆಪರೇಷನ್ ಆದವರಲ್ಲಿ ಇಳಿಯುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಜೊತೆಗೆ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಕೈಕಾಲಿಗೆ ಕೆಲಸ ಬೇಕು. ಎದೆ ಗಟ್ಟಿಯಾಗಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ಇಳಿದ ತೂಕ ಮತ್ತೆ ಏರದಂತೆ ತಡೆಯಬೇಕು. ಸಾಹುಕಾರರ ತೂಕ ಓಡಲು ಶುರು ಮಾಡಿದ ಮೇಲೆ ಇಳಿದಿರುವುದು ಒಂದೂವರೆ ಕಿಲೋ ಮಾತ್ರ. ಆದರೆ ಗೋದಾಮಿನ ಅಟ್ಟಕ್ಕೆ ಏಣಿ ಹತ್ತಿ ಸ್ಟಾಕ್ ಎಣಿಸುತ್ತಾರೆ. ಹತ್ತು ವರ್ಷದಿಂದ ಅದನ್ನು ಹುಡುಗರ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದರು.

ಊಟದಲ್ಲಿ ಮೊದಲು ಪ್ರೋಟೀನು. ದಿನಕ್ಕೆ ಅರವತ್ತರಿಂದ ಎಂಬತ್ತು ಗ್ರಾಂ ಎಂದು ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಮೊಟ್ಟೆ ಮುಟ್ಟದ ಮನೆಯಲ್ಲಿ ಇದು ಸುಲಭದ ಮಾತಲ್ಲ. ಬೇಳೆಯ ವ್ಯಾಪಾರಿಯ ಮನೆಯಲ್ಲೇ ಬೇಳೆ ಅಳೆದು ಬೇಯಿಸುವ ಕಾಲ ಬಂತು ಎಂದು ಅವರ ಮನೆಯವರು ನಗುತ್ತಾರೆ. ಕಟ್ಟು ಅಲ್ಲ, ಗಟ್ಟಿ ಬೇಳೆ. ಜೊತೆಗೆ ಮೊಸರು, ಪನೀರು. ರೊಟ್ಟಿ ಕೊನೆಗೆ, ಜಾಗ ಉಳಿದರೆ.

ನೀರಿನದು ದೊಡ್ಡ ಪೇಚು. ಚಿಕ್ಕ ಜಠರಕ್ಕೆ ಗಟಗಟ ಕುಡಿಯಲು ಆಗದು. ಓಡಿ ಬಂದು ಚೊಂಬು ಎತ್ತಿದರೆ ಎದೆಯಲ್ಲೇ ನಿಂತು ಹಿಂಡುತ್ತದೆ. ಇಡೀ ದಿನ ಗುಟುಕು ಗುಟುಕಾಗಿ ಕುಡಿದಿರಬೇಕು, ಊಟದ ಜೊತೆಗೆ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಏಳು ಗಂಟೆಯ ಮೇಲೆ ಓಡುವುದು ಇವರಿಗೆ ಹೇಳಿದ್ದಲ್ಲ.

ಯಾರೂ ಬಾಯಿ ಬಿಟ್ಟು ಹೇಳದ ಇನ್ನೊಂದು ಕಷ್ಟ ಜೋತುಬಿದ್ದ ಚರ್ಮ. ಮೂವತ್ತು ನಲವತ್ತು ಕಿಲೋ ಇಳಿದ ಮೇಲೆ ಹೊಟ್ಟೆ, ತೊಡೆ, ತೋಳಿನ ಚರ್ಮ ಖಾಲಿ ಚೀಲದ ಹಾಗೆ ಉಳಿಯುತ್ತದೆ. ಓಡುವಾಗ ಅದು ಕುಣಿಯುತ್ತದೆ, ಉಜ್ಜುತ್ತದೆ, ಬೆವರು ನಿಂತು ಹುಣ್ಣಾಗುತ್ತದೆ. ಹಿಂದಿನಿಂದ ನಗುವವರಿಗೆ ಕಾಣುವುದು ಕೊಬ್ಬು. ಅರ್ಧ ಅದು ಕೊಬ್ಬೇ ಅಲ್ಲ, ಇಳಿದುಹೋದ ತೂಕದ ರಸೀದಿ. ಮೈಗೆ ಬಿಗಿಯಾದ ಒಳ ಬನಿಯನ್ನು, ತೊಡೆ ಮುಚ್ಚುವ ಬಿಗಿ ಚಡ್ಡಿ, ಉಜ್ಜುವ ಕಡೆ ವ್ಯಾಸಲೀನು. ಇಷ್ಟರಲ್ಲೇ ಬಹಳ ಮಟ್ಟಿಗೆ ನಿಭಾಯಿಸಬಹುದು. ಬೂಟು ಮಾತ್ರ ಓಟಕ್ಕೆಂದೇ ಮಾಡಿದ್ದಿರಬೇಕು, ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ನೋಡಿ ಕೊಳ್ಳಬೇಕು. ತೂಕ ಇಳಿದ ಹಾಗೆ ಪಾದದ ಅಳತೆಯೂ ಬದಲಾಗುವುದುಂಟು.

ಇನ್ನು ಎಂದಿನಿಂದ ಓಡಬೇಕು ಎಂಬುದು. ನಡಿಗೆ ಆಪರೇಷನ್ ಆದ ದಿನವೋ ಮರುದಿನವೋ ಆಸ್ಪತ್ರೆಯಲ್ಲೇ ಶುರು. ಭಾರ ಎತ್ತುವುದು ಸಾಮಾನ್ಯವಾಗಿ ಒಂದು ಒಂದೂವರೆ ತಿಂಗಳು ಬೇಡ ಅನ್ನುತ್ತಾರೆ. ಓಟಕ್ಕೆ ಆಪರೇಷನ್ ಮಾಡಿದ ಡಾಕ್ಟರೇ ಹೂಂ ಅನ್ನಬೇಕು. ಸಕ್ಕರೆ, ಬಿ.ಪಿ. ಇದ್ದವರು ಹೃದಯದ ತಪಾಸಣೆ ಮಾಡಿಸಿಕೊಳ್ಳದೆ ಹೆಜ್ಜೆ ಎತ್ತಬಾರದು. ಎದೆ ಹಿಡಿದರೆ, ಎಡಗೈ ಸೆಳೆದರೆ, ಕಾಲಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ಅವತ್ತೇ ನಿಲ್ಲಿಸಿ ತೋರಿಸಬೇಕು.

ಮಹಡಿಯ ಮೇಲಿನ ಓಟ

ಸಾಹುಕಾರರು ಗಂಡಸು. ನಗುವವರು ನಗಲಿ ಎಂದು ಬೇಗ ಎದ್ದು ಕತ್ತಲಲ್ಲಿ ಓಡಿದರು. ಇದೇ ಊರಿನ ಪ್ರಾಥಮಿಕ ಶಾಲೆಯ ಟೀಚರೊಬ್ಬರಿಗೆ ಆ ದಾರಿಯೂ ಇಲ್ಲ. ಅವರಿಗೂ ಇದೇ ಆಪರೇಷನ್ ಆಗಿ ಹತ್ತು ತಿಂಗಳು. ನೂರಾ ಹದಿನೆಂಟರಿಂದ ತೊಂಬತ್ತೊಂದಕ್ಕೆ ಬಂದಿದ್ದಾರೆ. ಕತ್ತಲಲ್ಲಿ ಹೋದರೆ ನಾಯಿ, ಕುಡುಕರ ಭಯ. ಬೆಳಕಾದ ಮೇಲೆ ಹೋದರೆ ತಮ್ಮದೇ ಶಾಲೆಯ ಮಕ್ಕಳ ಅಪ್ಪಂದಿರು ಮೊಬೈಲು ಎತ್ತುತ್ತಾರೆ. ಒಂದು ಸಲ ಯಾರೋ ಚಿತ್ರ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೇ ಹಾಕಿದರು. ಅವತ್ತಿನಿಂದ ಮೂರು ತಿಂಗಳು ಟೀಚರು ಮನೆಯ ಮಹಡಿಯ ಮೇಲೆ, ಒಣಗಿಹಾಕಿದ ಸೀರೆಗಳ ನಡುವೆ, ಇಪ್ಪತ್ತು ಹೆಜ್ಜೆ ಆ ಕಡೆ, ಇಪ್ಪತ್ತು ಹೆಜ್ಜೆ ಈ ಕಡೆ ಓಡಿದರು. ಗಟ್ಟಿ ಸಿಮೆಂಟಿನ ಮೇಲೆ ಪದೇ ಪದೇ ತಿರುಗುವುದು ಮೊಣಕಾಲಿಗೆ ಒಳ್ಳೆಯದಲ್ಲ ಎಂದು ಅವರಿಗೂ ಗೊತ್ತಿತ್ತು. ಕೆಳಗಿನ ಬಾಡಿಗೆಯವರು "ಟೀಚರೆ, ಸೂರು ಅದುರುತ್ತೆ" ಎಂದ ದಿನ ಅದೂ ನಿಂತಿತು.

ಹದಿನೈದು ದಿನ ಎಲ್ಲವನ್ನೂ ಬಿಟ್ಟು ಕೂತರು. ತಕ್ಕಡಿ ಎರಡು ಕಿಲೋ ಮೇಲಕ್ಕೆ ಹೋಯಿತು.

ಈಗ ಬಸ್ಸಿನಲ್ಲಿ ಕೂತು ಈ ಪತ್ರಿಕೆ ಓದುತ್ತಿರುವವರಲ್ಲಿ ಕೆಲವರ ಮೊಬೈಲಿಗೂ ಆ ಚಿತ್ರ ಬಂದು ಹೋಗಿರಬಹುದು. ಬಂದಿದ್ದರೆ ಅಳಿಸಿಬಿಡಿ. ದಪ್ಪಗಿರುವವರು ಕೂತರೆ ಸೋಮಾರಿ ಅನ್ನುವುದು, ಎದ್ದು ಓಡಿದರೆ ಚಿತ್ರ ತೆಗೆಯುವುದು, ಇದು ಯಾವ ಊರಿನ ನ್ಯಾಯ?

ಟೀಚರ ನಾದಿನಿ ಕೊನೆಗೆ ಒಂದು ಉಪಾಯ ಮಾಡಿದರು. "ಅತ್ತಿಗೆ, ನೀವು ಓಡ್ರಿ, ನಾನು ಕುಂತಿರ್ತೀನಿ" ಎಂದು ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಹತ್ತಿರದ ಶಾಲೆಯ ಮೈದಾನಕ್ಕೆ ಜೊತೆಗೆ ಬರುತ್ತಾರೆ. ಕಾವಲುಗಾರ ಪರಿಚಯದವರು, ಗೇಟು ತೆಗೆದುಕೊಡುತ್ತಾರೆ. ನಾದಿನಿ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ಸೆಕೆಂಡು ನೋಡಿ "ಸಾಕು, ನಡೀರಿ" ಅನ್ನುತ್ತಾರೆ. ಕಳೆದ ವಾರದಿಂದ ಇನ್ನಿಬ್ಬರು ಹೆಂಗಸರು ಸೇರಿದ್ದಾರೆ. ಒಬ್ಬರಿಗೆ ಆಪರೇಷನ್ ಆಗಿಲ್ಲ, ಆಗುವುದೂ ಬೇಡವೆಂದು ಬಂದವರು. ಆರೂವರೆಗೆ ಕ್ರಿಕೆಟ್ ಹುಡುಗರು ಬರುತ್ತಾರೆ, ಅಷ್ಟರೊಳಗೆ ಇವರು ಮನೆ ಸೇರಬೇಕು.

ಊರಿನ ಮೈದಾನಗಳಲ್ಲಿ ಒಂದನ್ನು ಬೆಳಿಗ್ಗೆ ಒಂದು ಗಂಟೆ ಹೆಂಗಸರಿಗೆಂದು ಬಿಟ್ಟು, ಎರಡು ದೀಪ ಹಾಕಿ, ಗೇಟಿನಲ್ಲಿ ಒಬ್ಬರನ್ನು ನಿಲ್ಲಿಸಲು ಎಷ್ಟು ಖರ್ಚಾದೀತು? ಮೈದಾನ ಯಾರ ಕೈಯಲ್ಲಿದೆಯೋ ಅವರೇ ಹೇಳಲಿ. ಟೀಚರು ಅರ್ಜಿ ಬರೆದಿಟ್ಟುಕೊಂಡಿದ್ದಾರೆ. ಕೆಳಗೆ ನಾಲ್ಕು ಸಹಿ ಬಿದ್ದಿದೆ, ಐದನೆಯದು ಮಂಡಿಪೇಟೆಯ ಸಾಹುಕಾರರ ಮನೆಯವರದು.